ಹಕ್ಕಿ ಬರುವ ತನಕ

ಮ್ಯಾಟಿ ಹೆಸ್ಲಪ್‌ನ ತೋಳಿಗೆ ಬಿಪಿ ಪಟ್ಟಿ ಸುತ್ತುವಷ್ಟರಲ್ಲಿ ನಮಗೆ ಸಾಕುಸಾಕಾಗಿತ್ತು. ಕೋಟು ತೆಗೆಯುವುದಿಲ್ಲ ಎಂದ, ತೆಗೆದ. ಸ್ವೆಟರಿನ ತೋಳು ಮಡಿಸುವುದಿಲ್ಲ ಎಂದ, ಮಡಿಸಿದ. ಕೂರುವುದಿಲ್ಲ ಎಂದವನನ್ನು ಮಾತ್ರ ನಾನೇ ಭುಜ ಹಿಡಿದು ಕುರ್ಚಿಗೆ ಅದುಮಬೇಕಾಯಿತು.

"ಥೆಲ್ಮಾ, ನನ್ನ ಹಕ್ಕಿ ಕಾಲಿಗೆ ಇನ್ನೂ ರಬ್ಬರ್ ಹಾಕಿಲ್ಲ ಕಣೇ. ಲಾರಿ ಹೊರಟೋಗತ್ತೆ," ಎಂದು ಗೊಣಗಿದ.

"ನೀನಿಲ್ದೆ ಲಾರಿ ಹೋಗಲ್ಲ. ಬಾಯ್ಮುಚ್ಕೊಂಡು ಕೂತ್ಕೋ. ಮಾತಾಡಿದ್ರೆ ಬಿಪಿ ಏರತ್ತಂತೆ."

ಅದು ಜೂನ್ ತಿಂಗಳ ಒಂದು ಶುಕ್ರವಾರದ ಸಂಜೆ. ನಮ್ಮೂರು ಹಾರ್ಗಿಲ್‌ನ ಪಾರಿವಾಳ ಸಂಘದ ಕೋಣೆಯಲ್ಲಿ ಗಂಡಸರು ಮರುದಿನದ ಪಂದ್ಯಕ್ಕೆ ತಮ್ಮ ತಮ್ಮ ಹಕ್ಕಿಗಳನ್ನು ಬೆತ್ತದ ಬುಟ್ಟಿಗೆ ಇಳಿಸುತ್ತಿದ್ದರು. ಬುಟ್ಟಿಗಳನ್ನು ಹೊತ್ತ ಲಾರಿ ದಕ್ಷಿಣದ ಕಡಲ ತೀರಕ್ಕೆ ಹೋಗುತ್ತದೆ. ಬೆಳಿಗ್ಗೆ ಅಲ್ಲಿ ಬಾಗಿಲು ತೆರೆದರೆ ಹಕ್ಕಿಗಳು ತಾವಾಗಿ ಉತ್ತರದ ನಮ್ಮ ಡರ್ಹಮ್ ಸೀಮೆಯ ದಾರಿ ಹಿಡಿಯುತ್ತವೆ. ಯಾರ ಹಕ್ಕಿ ಮೊದಲು ಬಂತೋ ಅವನು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗುತ್ತಾನೆ. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಗಂಡಸರು ಬೇರೆ ಯಾವುದಕ್ಕೂ ಎದೆ ಉಬ್ಬಿಸಿದ್ದನ್ನು ನಾನು ಕಂಡಿಲ್ಲ.

ನಾನು 'ಪಕ್ಕದ್ಮನೆ' ಎಂಬ ಸಣ್ಣ ಸೇವಾ ಸಂಘ ನಡೆಸುವವಳು. ಪ್ರಾರ್ಥನೆ ನಿಂತುಹೋದ ಹಳೆಯ ಸಣ್ಣ ಚರ್ಚೇ ನಮ್ಮ ಬಿಡಾರ. ಬಿಸಿ ಸೂಪು, ಒಂಟಿಯಾದವರಿಗೆ ಎರಡು ಮಾತು, ಚಳಿಯಲ್ಲಿ ಬೆಚ್ಚಗೆ ಕೂರಲು ಜಾಗ, ಇಷ್ಟೇ ನಮ್ಮ ಕೆಲಸ. ಬೀದಿಯ ಆಚೆ ಬದಿಯಲ್ಲಿ ಔಷಧಿ ಅಂಗಡಿ. ಅಲ್ಲಿನ ಫಾರ್ಮಸಿಸ್ಟ್ ಇಫೇಯಿನ್ವಾ, ನಮ್ಮ ಬಾಯಲ್ಲಿ ಇಫಿ. ನೈಜೀರಿಯಾದ ಎನುಗು ಅವಳ ಊರು. ನಮ್ಮೂರಿಗೆ ಬಂದ ಹೊಸತರಲ್ಲೇ ಒಂದು ದಿನ ಸೂಪಿನ ಪಾತ್ರೆಯ ಮುಂದೆ ನಿಂತು ಕೇಳಿದ್ದಳು:

"ಆಂಟಿ, ನಿಮ್ಮಲ್ಲಿಗೂ ಬರೀ ಹೆಂಗಸ್ರೇ ಬರ್ತಾರೆ, ನನ್ನಂಗಡಿಗೂ ಬರೀ ಹೆಂಗಸ್ರೇ ಬರ್ತಾರೆ. ಈ ಊರಿನ ಗಂಡಸ್ರೆಲ್ಲ ಎಲ್ಲಿ?"

"ಪಾರಿವಾಳದ ಜೊತೆ."

"ಹಾಗಾದ್ರೆ ನಾವೂ ಅಲ್ಲಿಗೇ ಹೋಗೋಣ."

ಹಾಗೆ ನಾವಿಬ್ಬರೂ ಜೊತೆಯಾದೆವು. ಯಂತ್ರ ಅವಳದು, ಊರಿನವರ ಪರಿಚಯ ನನ್ನದು. ಅವರ ಭುಜ ಹಿಡಿದು ಕೂರಿಸುವ ಅಧಿಕಾರವೂ ನನ್ನದೇ, ಏಕೆಂದರೆ ಅರ್ಧ ಜನ ನನ್ನ ಜೊತೆ ಶಾಲೆಗೆ ಬಂದವರು.

ಯಂತ್ರ ಗುರ್ ಎಂದು ಗಾಳಿ ತುಂಬಿಕೊಂಡು ನಿಂತಿತು. ಇಫಿ ಅದನ್ನು ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದಳು. ಅದನ್ನೂ ನೋಡಿದಳು. ಅವಳ ಮುಖದಲ್ಲಿ ನಗು ಹಾಗೆಯೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ.

"ಹೆಸ್ಲಪ್ ಅವರೇ, ತಲೆನೋವು ಇದೆಯಾ?"

"ಈ ವಯಸ್ಸಲ್ಲಿ ಯಾರಿಗಿಲ್ಲ ಮಗಳೇ? ಥೆಲ್ಮಾ ಮಾತಾಡಕ್ಕೆ ಶುರು ಮಾಡಿದ್ರೆ ಇನ್ನೂ ಜೋರು."

"ಇನ್ನೂರ ಹದಿನಾಲ್ಕಿದೆ. ಇದು ಮಾತ್ರೆ ಕೊಟ್ಟು ಮನೆಗೆ ಕಳಿಸೋ ಬಿಪಿ ಅಲ್ಲ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ಈಗಲೇ."

ಮ್ಯಾಟಿ ನಕ್ಕ. ಅವಳು ನಗಲಿಲ್ಲ. ಹೊರಗೆ ಹೋಗಿ ಫೋನಿನಲ್ಲಿ ಡಾಕ್ಟರರ ಜೊತೆ ಮಾತಾಡಿದಳು. ಅವರೂ ಕೂಡಲೇ ಕರೆತನ್ನಿ ಎಂದರು. ನಾನು ಕಾರಿನ ಕೀಲಿ ಕೈಗೆ ತೆಗೆದುಕೊಂಡೆ. ಮ್ಯಾಟಿ ಕುರಿಮರಿಯ ಹಾಗೆ ತಲೆ ಆಡಿಸಿ, "ಸರಿ ಸರಿ, ಹಕ್ಕಿನ ಬುಟ್ಟಿಗೆ ಬಿಟ್ಟು ಕೋಟು ತಗೊಂಡು ಬರ್ತೀನಿ," ಎಂದು ಒಳಗೆ ಹೋದ. ನಾವು ಕಾದೆವು. ಹಕ್ಕಿಯೇನೋ ಬುಟ್ಟಿ ಸೇರಿತ್ತು. ಮ್ಯಾಟಿ ಹಿಂದಿನ ಬಾಗಿಲಿನಿಂದ ಪರಾರಿಯಾಗಿದ್ದ.

ಅವನ ಮನೆಗೆ ಹೋಗಿ ಬಾಗಿಲು ಬಡಿದೆ. ತೆರೆಯಲಿಲ್ಲ. ಬಾಗಿಲಲ್ಲಿ ಅಂಚೆಯವನು ಕಾಗದ ಹಾಕುವ ಸಂದಿಗೆ ಬಾಯಿಟ್ಟು ಕೂಗಿದೆ. ಒಳಗಿನಿಂದ ದನಿ ಬಂತು: "ನಾಳೆ ನನ್ನ ನೀಲಿ ಬರೋ ತನಕ ಎಲ್ಲಿಗೂ ಬರಲ್ಲ. ಬಂದ ಮೇಲೆ ನೀನು ಆಸ್ಪತ್ರೆಗಾದ್ರೂ ಕರ್ಕೊಂಡೋಗು, ಸ್ಮಶಾನಕ್ಕಾದ್ರೂ ಕರ್ಕೊಂಡೋಗು."

ನೀಲಿ ಎಂದರೆ ಅವನ ಬೂದು ನೀಲಿ ಬಣ್ಣದ ಹೆಣ್ಣು ಪಾರಿವಾಳ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವನಿಗೂ ಅವನಣ್ಣನಿಗೂ ಸೇರಿ ಒಂದೇ ಗೂಡಿತ್ತು. ಅಣ್ಣ ತೀರಿಕೊಂಡ ಮೇಲೆ ಅಣ್ಣ ಬೆಳೆಸಿದ ತಳಿಯಲ್ಲಿ ಉಳಿದಿದ್ದು ಅದೊಂದೇ.

ಇಫಿ ಬಾಗಿಲ ಮೆಟ್ಟಿಲಲ್ಲೇ ನಿಂತಿದ್ದಳು. ಬಿಟ್ಟು ಬರಲು ಕಾಲು ಏಳುತ್ತಿಲ್ಲ, ಎಳೆದೊಯ್ಯಲು ಅಧಿಕಾರವಿಲ್ಲ. ಮಾತು ತೊದಲಿದರೆ, ಕಣ್ಣು ಮಂಜಾದರೆ, ಕೈಯಲ್ಲಿ ಬಲ ಹೋದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ ಎಂದು ಆ ಸಂದಿಯಲ್ಲೇ ಎರಡೆರಡು ಸಲ ಹೇಳಿದಳು. ಒಳಗಿನಿಂದ "ಹೂಂ" ಎಂದಿತು.

ಶನಿವಾರ ಬೆಳಿಗ್ಗೆ ನಾನು ಸೂಪಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿದೆ. ಕುಡಿದವರು ಮುಖ ಕಿವುಚಿದರು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಿಟಕಿಯಿಂದ ಎದುರು ಅಂಗಡಿಯಲ್ಲಿ ಇಫಿ ಕಾಣುತ್ತಿದ್ದಳು. ಒಂದು ಕೈಯಲ್ಲಿ ಯಾರದೋ ಮಾತ್ರೆಯ ಪೊಟ್ಟಣ, ಇನ್ನೊಂದರಲ್ಲಿ ಫೋನು. ನಡುನಡುವೆ ನನಗೆ ಕರೆ ಮಾಡುವಳು.

"ಆಂಟಿ, ಫೋನ್ ತೆಗೀತಾ ಇಲ್ಲ."

"ಗೂಡಿನ ಹತ್ರ ಇದ್ದಾನೆ ಕಣೇ. ಫೋನ್ ಮನೇಲಿ ಬಿಟ್ಟಿರ್ತಾನೆ."

"ನೋಡಿಕೊಂಡು ಬಂದ್ರಾ?"

"ಬೆಳಿಗ್ಗೆ ಆ ಕಡೆಯಿಂದಾನೇ ಬಂದೆ. ಬಕೆಟ್ ಬೋರಲು ಹಾಕಿ ಕೂತಿದ್ದ. ನನ್ನ ನೋಡಿ ಗೂಡಿನ ಹಿಂದೆ ಬಚ್ಚಿಟ್ಕೊಂಡ."

ಔಷಧಿ ಅಂಗಡಿ ತೆರೆದಿರುವಷ್ಟು ಹೊತ್ತು ಫಾರ್ಮಸಿಸ್ಟ್ ಹೊರಗೆ ಹೋಗುವಂತಿಲ್ಲ. ಅವಳಿಗೆ ಅದೊಂದು ಸೆರೆಮನೆಯಾಗಿತ್ತು ಆ ದಿನ. ಮಧ್ಯಾಹ್ನ ಬಾಗಿಲು ಹಾಕಿದ್ದೇ, ಬಿಳಿ ಕೋಟನ್ನೂ ಬಿಚ್ಚದೆ ಯಂತ್ರದ ಚೀಲ ಹಿಡಿದು ಓಡಿಬಂದಳು. ಇಬ್ಬರೂ ಕೈತೋಟಗಳ ನಡುವಿನ ಕಾಲುದಾರಿ ಹಿಡಿದು ಮ್ಯಾಟಿಯ ಗೂಡಿಗೆ ಹೋದೆವು. ಗೂಡೆಂದರೆ ಹಸಿರು ಬಣ್ಣ ಬಳಿದ ಮರದ ಕೋಣೆ. ಅವನ ಮನೆಗಿಂತ ಚೊಕ್ಕಟ.

"ನಿನ್ನ ಹಕ್ಕಿ ಬಂತಾ?" ಎಂದೆ.

"ಎಲ್ಲಿಂದ ಬರತ್ತೆ? ಅಲ್ಲಿ ಮಂಜು ಕವಿದಿತ್ತಂತೆ, ಹಕ್ಕಿ ಬಿಟ್ಟಿದ್ದೇ ಲೇಟಂತೆ. ಸಂಜೆ ಆಗತ್ತೆ." ಅವನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು. ಆಕಾಶ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ.

ತೋಳು ಮಾತ್ರ ಬೇಡವೆನ್ನದೆ ಒಡ್ಡಿದ. ಬಿಪಿ ನಿನ್ನೆಗಿಂತ ಹೆಚ್ಚಾಗಿತ್ತು. ಇಫಿ ಅವನ ಮುಂದೆ ಮೊಣಕಾಲೂರಿ ಕೂತು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಳು. ಅವನು ಅವಳ ತಲೆಯ ಮೇಲಿಂದ ಆಚೆ ನೋಡುತ್ತ, "ಥೆಲ್ಮಾ, ಆ ಕಂಬದ ಮೇಲೆ ಎರಡು ಕಾಗೆ ಯಾವಾಗ ಬಂದ್ವೇ?" ಎಂದ.

ಕಂಬದ ಮೇಲೆ ಇದ್ದದ್ದು ಒಂದೇ.

ಇಫಿ ತಿರುಗಿ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಹೊರಟಿದೆ ಎಂದರಂತೆ.

"ಕರೀರಿ, ಕರೀರಿ," ಎಂದ ಮ್ಯಾಟಿ. "ಅವರು ಬಂದು ಖಾಲಿ ಗಾಡಿ ಓಡಿಸ್ಕೊಂಡು ಹೋಗ್ತಾರೆ. ನನ್ನ ನೀಲಿ ಬಂದಾಗ ಅದರ ಕಾಲಿಂದ ರಬ್ಬರ್ ತೆಗೆದು ಗಡಿಯಾರಕ್ಕೆ ಹಾಕೋರು ಯಾರು? ನೀನಾ? ನೀನು ಹಿಡಿದ್ರೆ ಅದರ ರೆಕ್ಕೆ ಮುರಿಯತ್ತೆ."

ಅವನ ಮಾತು ಸುಳ್ಳಲ್ಲ. ಈಗ ಎಲ್ಲರ ಹಕ್ಕಿಯ ಕಾಲಿಗೂ ಎಲೆಕ್ಟ್ರಾನಿಕ್ ಬಳೆ. ಹಕ್ಕಿ ಗೂಡಿಗೆ ಕಾಲಿಟ್ಟರೆ ಯಂತ್ರ ತಾನೇ ಹೊತ್ತು ಬರೆದುಕೊಳ್ಳುತ್ತದೆ. ಹಳೆಯ ರಬ್ಬರ್ ಬಳೆ, ಹಳೆಯ ಗಡಿಯಾರ ಬಿಡದೆ ಹಿಡಿದವನು ಮ್ಯಾಟಿ ಒಬ್ಬನೇ. ಹಕ್ಕಿಯನ್ನು ಕೈಯಲ್ಲಿ ಹಿಡಿದು ಬಳೆ ಬಿಚ್ಚಿ, ಬಂದ ಹೊತ್ತು ಅಚ್ಚಾಗಲು ಅದನ್ನು ಗಡಿಯಾರದೊಳಗೆ ಹಾಕಿ ಹಿಡಿ ತಿರುಗಿಸುವ ಚಳಕ ಬೇಕು. ಅದು ಊರಿನಲ್ಲಿ ಇನ್ನೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಸ್ಟ್ಯಾನ್ ಲೇಡ್ಲರ್. ಅವನಿಗೂ ಮ್ಯಾಟಿಗೂ ಹಾವು ಮುಂಗುಸಿಯ ಸಂಬಂಧ. ನನ್ನ ಹಕ್ಕಿಯನ್ನು ನಿನ್ನ ಗೂಡಿನಲ್ಲಿ ಬಚ್ಚಿಟ್ಟಿದ್ದೀಯ ಎಂದು ಮ್ಯಾಟಿ, ನೀನು ಗಡಿಯಾರ ತಿದ್ದಿದ್ದೀಯ ಎಂದು ಸ್ಟ್ಯಾನ್. ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು.

ನಾನು ಓಡಿದೆ. ಅರವತ್ತೆಂಟರ ಮಂಡಿಯಲ್ಲಿ ಓಡುವುದೆಂದರೆ ಏನೆಂದು ಓಡಿದವರಿಗೇ ಗೊತ್ತು. ಸ್ಟ್ಯಾನ್ ತನ್ನ ತೋಟದಲ್ಲಿ ಮಡಚುವ ಕುರ್ಚಿ ಹಾಕಿ ಆಕಾಶಕ್ಕೆ ಮುಖ ಮಾಡಿ ಕೂತಿದ್ದ.

"ಸ್ಟ್ಯಾನ್, ಏಳು. ಮ್ಯಾಟಿ ಗೂಡಲ್ಲಿ ಕೂರಬೇಕು ನೀನು."

"ನಿನಗೇನು ತಲೆ ಕೆಟ್ಟಿದ್ಯಾ? ನನ್ನ ಹಕ್ಕಿಗಳೂ ಬರ್ತಾ ಇವೆ."

"ನಿನ್ನ ಹಕ್ಕಿ ಬಂದ್ರೆ ನಿನ್ನ ಯಂತ್ರ ಬರ್ಕೊಳತ್ತೆ. ನೀನೇನು ಮಾಡ್ತೀಯ, ಚಪ್ಪಾಳೆ ತಟ್ತೀಯಾ?"

"ಅವನು ನನ್ನ ಕಳ್ಳ ಅಂದವನು ಥೆಲ್ಮಾ. ನನ್ನ ಹೆಂಡ್ತಿ ಎದುರಿಗೆ."

"ಅಂದ. ಇನ್ನೊಂದ್ಸಲ ಅನ್ನಕ್ಕೂ ಅವನು ಬದುಕಿರ್ಬೇಕಲ್ಲ? ಕಣ್ಣು ಎರಡೆರಡಾಗಿ ಕಾಣ್ತಿದೆ ಅವನಿಗೆ. ಬರೋ ಆಂಬುಲೆನ್ಸ್ ಹತ್ತಲ್ಲ ಅಂತ ಬಕೆಟ್ ಮೇಲೆ ಕೂತಿದ್ದಾನೆ."

ಸ್ಟ್ಯಾನ್ ಆಕಾಶವನ್ನೊಮ್ಮೆ, ತನ್ನ ಗೂಡನ್ನೊಮ್ಮೆ ನೋಡಿದ. "ಎರಡೆರಡಾ?" ಎಂದ. ಎದ್ದವನು ನನಗಿಂತ ಮುಂದೆ ನಡೆದ. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದ, ಮ್ಯಾಟಿಯನ್ನಲ್ಲ, ಮ್ಯಾಟಿಯ ಗಡಿಯಾರವನ್ನು.

ನಾವು ಹೋದಾಗ ಆಂಬುಲೆನ್ಸ್ ಗೇಟಿನಲ್ಲಿ ನಿಂತಿತ್ತು. ಹಸಿರು ಉಡುಪಿನ ಅದರ ಸಿಬ್ಬಂದಿ ಇಬ್ಬರು ಮ್ಯಾಟಿಯ ಮುಂದೆ ಬಗ್ಗಿ ನಿಂತು ಬರುವಂತೆ ಕೇಳಿಕೊಳ್ಳುತ್ತಿದ್ದರು. ಸ್ಟ್ಯಾನನ್ನು ಕಂಡದ್ದೇ ಮ್ಯಾಟಿ ಬಕೆಟ್ಟಿನಿಂದ ಎದ್ದ, ಎದ್ದವನು ವಾಲಿದ, ಇಫಿ ಹಿಡಿದಳು.

"ಇವನಾ? ಇವನ ಕೈಗೆ ನನ್ನ ಗೂಡು ಕೊಡ್ಬೇಕಾ?"

"ನಿನ್ನ ಗೂಡು ಯಾರಿಗೆ ಬೇಕೋ ಮುದುಕಾ," ಎಂದ ಸ್ಟ್ಯಾನ್. "ಗಾಡಿ ಹತ್ತು. ನೀನು ಸತ್ರೆ ನಾನು ಯಾರನ್ನ ಸೋಲಿಸ್ಲಿ? ಉಳಿದವ್ರಿಗೆಲ್ಲ ಪಾರಿವಾಳ ಯಾವ್ದು ಕೋಳಿ ಯಾವ್ದು ಅಂತಾನೇ ಗೊತ್ತಿಲ್ಲ."

ಮ್ಯಾಟಿ ಬಹಳ ಹೊತ್ತು ಅವನನ್ನೇ ದಿಟ್ಟಿಸಿದ. ಅವನಿಗೆ ಆಗ ಇಬ್ಬರು ಸ್ಟ್ಯಾನ್‌ಗಳು ಕಾಣುತ್ತಿದ್ದಿರಬೇಕು. ಕಡೆಗೆ ತಲೆಯ ಮೇಲಿನ ಚೌಕಳಿ ಟೋಪಿ ತೆಗೆದು ಅವನಿಗೆ ಚಾಚಿದ.

"ಇದನ್ನ ಹಾಕ್ಕೋ. ಬೇರೆ ತಲೆ ಕಂಡ್ರೆ ಅವಳು ಇಳಿಯಲ್ಲ. ಕಾಳಿನ ಡಬ್ಬಿ ಮೆಲ್ಲಗೆ ಅಲ್ಲಾಡಿಸು, ಜೋರು ಬೇಡ. ಒಂದು ಉದ್ದ ಸಿಳ್ಳೆ, ಎರಡು ಚಿಕ್ಕದು."

"ನಿನಗಿಂತ ಮುಂಚೆ ಹಕ್ಕಿ ಸಾಕಿದವನು ನಾನು," ಎಂದು ಸ್ಟ್ಯಾನ್ ಟೋಪಿ ಹಾಕಿಕೊಂಡ. ಅದು ಅವನ ಕಿವಿಯವರೆಗೂ ಇಳಿಯಿತು.

ಇಫಿ ಆಂಬುಲೆನ್ಸಿನಲ್ಲೇ ಹೋದಳು. ನಾನು ಕಾರಿನಲ್ಲಿ ಹಿಂಬಾಲಿಸಿದೆ. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಸ್ಟೀರಿಂಗನ್ನು ಬೆರಳಿನಿಂದ ಬಡಿದೂ ಬಡಿದೂ ಬೆರಳೇ ನೋಯಿತು. ಆಸ್ಪತ್ರೆ ಮುಟ್ಟಿದಾಗ ಇಫಿ ಬಾಗಿಲಲ್ಲಿ ನಿಂತಿದ್ದಳು. ತುಟಿ ಒಣಗಿತ್ತು.

"ದಾರಿಯಲ್ಲೇ ಶುರುವಾಯ್ತು ಆಂಟಿ. ಎಡಗೈ ಎತ್ತಿ ಅಂದ್ರು, ಏಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿದೆ."

ಅವಳು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ನಾನು ಕೂರು ಎಂದೆ. ಕೂತಳು, ಎದ್ದಳು. ನಾನೂ ಎದ್ದೆ. ಗೋಡೆಯ ಮೇಲಿನ ಟೀವಿಯಲ್ಲಿ ಯಾರೋ ಕೇಕು ಮಾಡುತ್ತಿದ್ದರು. ಅವಳು ನಡೆಯುತ್ತಲೇ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು: "ನಿನ್ನೆ ಹಿಂದಿನ ಬಾಗಿಲಲ್ಲಿ ನಾನೇ ನಿಂತಿದ್ರೆ... ನಿನ್ನೆಯೇ ಕರ್ಕೊಂಡು ಬಂದಿದ್ರೆ..."

"ನಿಂತಿದ್ರೆ ಕಿಟಕಿಯಿಂದ ಹಾರ್ತಿದ್ದ," ಎಂದೆ. ಅವಳಿಗೆ ಅದು ಕೇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದರು. ಪಾರ್ಶ್ವವಾಯು, ಆದರೆ ದೊಡ್ಡದಲ್ಲ. ಬೇಗ ಬಂದಿದ್ದರಿಂದ ಚಿಕಿತ್ಸೆ ಹಿಡಿಯುತ್ತಿದೆ, ಬಿಪಿ ಇಳಿಯುತ್ತಿದೆ, ಜೀವಕ್ಕೆ ಭಯವಿಲ್ಲ. ಕೈ ಎಷ್ಟು ಮರಳುತ್ತದೆಂದು ಈಗಲೇ ಹೇಳಲಾಗದು. ಒಬ್ಬೊಬ್ಬರಾಗಿ ಎರಡು ನಿಮಿಷ ನೋಡಬಹುದು ಎಂದರು. ಆ ಮಾತು ಮುಗಿಯುವ ಮೊದಲೇ ನಾವಿಬ್ಬರೂ ಒಟ್ಟಿಗೇ ಒಳಗೆ ನುಗ್ಗಿದೆವು.

ಮ್ಯಾಟಿ ಎಚ್ಚರವಾಗಿದ್ದ. ತುಟಿಯ ಎಡಮೂಲೆ ಇಳಿದಿತ್ತು. "ಬಂ... ಬಂತಾ?" ಎಂದ.

ನನ್ನ ಫೋನು ಆಗಲೇ ಬಡಿದುಕೊಂಡಿತು. ಸ್ಟ್ಯಾನ್. ನರ್ಸು ಕಣ್ಣು ಕೆಕ್ಕರಿಸಿದರೂ ನಾನು ಸ್ಪೀಕರಿಗೆ ಹಾಕಿದೆ.

"ಬಂದಿದ್ದಾಳೆ ಕಣೇ! ಛಾವಣಿ ಮೇಲೆ ಕೂತಿದ್ದಾಳೆ. ಇಳೀತಿಲ್ಲ! ನನ್ನ ಮುಖ ನೋಡ್ತಾಳೆ, ತಲೆ ತಿರುಗಿಸ್ತಾಳೆ. ಅವನ ಟೋಪಿ ಹಾಕ್ಕೊಂಡಿದ್ದೀನಿ, ಅವನ ಹಾಗೇ ಗೂನು ಬೆನ್ನು ಮಾಡ್ಕೊಂಡು ನಿಂತಿದ್ದೀನಿ, ಆದ್ರೂ ನಂಬಲ್ಲ! ಹೊತ್ತು ಹೋಗ್ತಿದೆ. ಮ್ಯಾಟಿ, ನೀನೊಂದು ಸಿಳ್ಳೆ ಹಾಕೋ. ಫೋನ್ ಮೇಲಕ್ಕೆ ಹಿಡೀತೀನಿ."

ಮ್ಯಾಟಿಯ ಕಣ್ಣು ಮಿಂಚಿತು. ಬಲಗೈಯಿಂದ ಫೋನನ್ನು ಬಾಯಿಯ ಹತ್ತಿರ ಎಳೆದುಕೊಂಡು ತುಟಿ ಮುಂದೆ ಮಾಡಿದ. ಗಾಳಿ ಮಾತ್ರ ಬಂತು. ಮತ್ತೆ ಊದಿದ. ತುಟಿಯ ಒಂದು ಬದಿ ಸೇರಿದರೆ ಇನ್ನೊಂದು ಸೇರಲೊಲ್ಲದು. ಉಗುಳು ಗದ್ದಕ್ಕೆ ಇಳಿಯಿತು. ಇಫಿ ಒರೆಸಿದಳು. ಮೂರನೆಯ ಸಲವೂ ಬರೀ ಉಸಿರು.

ಅವನು ಫೋನು ಬಿಟ್ಟು ನಮ್ಮನ್ನು ನೋಡಿದ. ನಿನ್ನೆಯಿಂದ ನಾವಿಬ್ಬರೂ ಎಷ್ಟು ಹೆದರಿಸಿದರೂ ಹೆದರದಿದ್ದವನು ಆಗ ಹೆದರಿದ. ಎಳೆ ಮಗುವಿನ ಹಾಗೆ ಇಫಿಯ ಕೋಟಿನ ಅಂಚನ್ನು ಬಲಗೈಯಲ್ಲಿ ಹಿಡಿದುಕೊಂಡ. ಅವಳು ಅವನ ಕೈಯ ಮೇಲೆ ಕೈ ಇಟ್ಟಳು.

ಫೋನಿನ ಆ ತುದಿಯಿಂದ ಸ್ಟ್ಯಾನನ ಸಿಳ್ಳೆ, ಒಂದು ಉದ್ದ, ಎರಡು ಚಿಕ್ಕದು. ಮತ್ತೆ. ಮತ್ತೆ. ಡಬ್ಬಿಯಲ್ಲಿ ಕಾಳಿನ ಸದ್ದು. ನಡುವೆ ಒಂದು ಕೆಟ್ಟ ಬೈಗುಳ. ನರ್ಸೂ ಹೋಗದೆ ಅಲ್ಲೇ ನಿಂತಿದ್ದಳು. ಆಮೇಲೆ ರೆಕ್ಕೆ ಬಡಿತ, ಬಾಗಿಲಿನ ಟಪ್, ಗಡಿಯಾರದ ಹಿಡಿ ತಿರುಗಿದ ಕರ್‌ ಸದ್ದು.

"ಆಯ್ತು," ಎಂದ ಸ್ಟ್ಯಾನ್, ಏದುಸಿರು ಬಿಡುತ್ತ. "ಕಾಲು ರೆಕ್ಕೆ ಎಲ್ಲ ಸರಿಯಾಗಿದೆ. ನೀರು ಕುಡೀತಿದ್ದಾಳೆ. ಮಲ್ಕೋ ನೀನು."

ನೀಲಿಗೆ ಎರಡನೆಯ ಸ್ಥಾನ ಸಿಕ್ಕಿತು. ಮೊದಲನೆಯದು ಸ್ಟ್ಯಾನನ ಹಕ್ಕಿಯದು. ಅವನು ಮ್ಯಾಟಿಯ ಛಾವಣಿ ನೋಡುತ್ತ ಸಿಳ್ಳೆ ಹಾಕುತ್ತಿದ್ದಾಗ, ಅವನ ಸ್ವಂತ ಗೂಡಿನಲ್ಲಿ ಯಾರೂ ಇಲ್ಲದೆ ಯಂತ್ರ ಬೀಪ್ ಎಂದಿತ್ತು.

ಈ ಸುದ್ದಿ ತಿಳಿಯುವ ಹೊತ್ತಿಗೆ ಮ್ಯಾಟಿಗೆ ಮಾತು ತಕ್ಕಮಟ್ಟಿಗೆ ಮರಳಿತ್ತು. ಮರಳಿದ್ದರ ಮೊದಲ ಉಪಯೋಗ ಏನಾಯಿತೆಂದರೆ, ವಾರ್ಡಿಗೆ ದ್ರಾಕ್ಷಿ ಹಿಡಿದು ಬಂದ ಸ್ಟ್ಯಾನನಿಗೆ ಹೀಗೆಂದ: "ಬೇಕಂತಲೇ ಹೊತ್ತು ಕಳೆದೆ ನೀನು."

"ನಿನ್ನ ಹಕ್ಕಿ ನಿನ್ನ ಹಾಗೇ ಮೊಂಡು. ಅದಕ್ಕೆ ನಾನೇನ್ ಮಾಡ್ಲಿ?"

"ಸಿಳ್ಳೆ ತಪ್ಪಾಗಿ ಹಾಕಿದೆ. ನಾನು ಕೇಳಿಸ್ಕೊಂಡೆ. ಎರಡನೇ ಚಿಕ್ಕದು ಉದ್ದ ಆಯ್ತು."

"ನೀನು ಹಾಕಿದ್ದು ಯಾವ ರಾಗವಪ್ಪ ಹಾಗಾದ್ರೆ?"

ಪಕ್ಕದ ಮಂಚದವನು ಗಂಟೆ ಒತ್ತಿ ನರ್ಸನ್ನು ಕರೆಯುವ ತನಕ ಜಗಳ ನಡೆಯಿತು. ಸ್ಟ್ಯಾನ್ ಮರುದಿನವೂ ಬಂದ. ಮ್ಯಾಟಿ ಮನೆಗೆ ಮರಳುವವರೆಗೆ ಎರಡು ಗೂಡಿಗೂ ಕಾಳು ನೀರು ಹಾಕಿದವನು ಅವನೇ.

ಮುಂದಿನ ಶುಕ್ರವಾರ ನಾನೂ ಇಫಿಯೂ ಪಾರಿವಾಳ ಸಂಘಕ್ಕೆ ಹೋದೆವು. ಯಾರ ಭುಜವನ್ನೂ ಅದುಮಬೇಕಾಗಲಿಲ್ಲ. ಮೊದಲೇ ಅಂಗಿಯ ತೋಳು ಮಡಿಸಿಕೊಂಡು ಸಾಲು ನಿಂತಿದ್ದರು. "ಮೊದಲು ನಂದು ನೋಡಮ್ಮ, ಆಮೇಲೆ ಹಕ್ಕಿದು," ಎಂದು ನಕ್ಕರು. ಮೂವರಿಗೆ ಬಿಪಿ ಹೆಚ್ಚಿತ್ತು. ಒಬ್ಬನಿಗೆ ಇಫಿ ಮರುದಿನವೇ ಡಾಕ್ಟರರನ್ನು ಕಾಣಲು ಹೇಳಿದಳು. ಅವನು ಮರುಮಾತಿಲ್ಲದೆ ಹೋದ. ಅಷ್ಟಾದರೂ ಅವಳು ಆ ಸಂಜೆಯುದ್ದಕ್ಕೂ ಹಿಂದಿನ ಬಾಗಿಲಿಗೆ ಬೆನ್ನು ಆನಿಸಿಯೇ ಕೂತಿದ್ದಳು. ಮ್ಯಾಟಿಯ ಎಡಗೈ ಪೂರ್ತಿ ಮರಳಲಿಲ್ಲ, ಬೆರಳು ಮಡಚುತ್ತವೆ, ಹಿಡಿತವಿಲ್ಲ. ಅದು ಅವಳನ್ನು ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಮಾತ್ರೆ ಕೊಡುತ್ತ, ತಪ್ಪು ತನ್ನದೆಂದು ಅವನಿಗೇ ಹೇಳಿಬಿಟ್ಟಳಂತೆ. ಅವನು, "ಹೋಗಲ್ಲ ಅಂದವನು ನಾನು. ನನ್ನ ತಪ್ಪನ್ನೂ ನೀನೇ ಇಟ್ಕೊಂಡ್ರೆ ನನಗೇನು ಉಳೀತು?" ಎಂದನಂತೆ. ಅದರಿಂದ ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ನಾನು ಕೇಳಲಿಲ್ಲ.

ಆಗಸ್ಟಿನ ಒಂದು ಶನಿವಾರ ಅಂಗಡಿ ಮುಚ್ಚಿದ ಮೇಲೆ ಅವನು ನಮ್ಮಿಬ್ಬರನ್ನೂ ಗೂಡಿಗೆ ಕರೆದ. "ಹಕ್ಕಿ ಮನೆಗೆ ಬರೋದನ್ನ ಈ ಹುಡುಗಿ ಒಂದ್ಸಲಾನೂ ನೋಡಿಲ್ಲ," ಎಂದ. ಸ್ಟ್ಯಾನ್ ಆಗಲೇ ಅಲ್ಲಿದ್ದ. ರಬ್ಬರ್ ಬಿಚ್ಚಲು ಎರಡು ಕೈ ಬೇಕು. ಮ್ಯಾಟಿ ಎಲೆಕ್ಟ್ರಾನಿಕ್ ಬಳೆಗೆ ಇನ್ನೂ ಒಪ್ಪಿಲ್ಲ.

ಇಫಿ ಬಕೆಟ್ಟಿನ ಮೇಲೆ ಕೂತಳು. ಎದ್ದಳು. ಬೇಲಿಯವರೆಗೂ ಹೋಗಿ ಬಂದಳು.

"ಎಷ್ಟೊತ್ತಿಗೆ ಬರತ್ತೆ?"

"ಬರತ್ತೆ, ಸುಮ್ನಿರು ಮಗಳೇ."

"ಬರದೇ ಇದ್ರೆ?"

"ಒಂದೊಂದ್ಸಲ ಬರಲ್ಲ," ಎಂದ ಮ್ಯಾಟಿ. ಸ್ಟ್ಯಾನ್ ತಲೆ ಆಡಿಸಿದ. ಈ ಒಂದು ಮಾತಿಗೆ ಇಬ್ಬರೂ ಜಗಳವಾಡಲಿಲ್ಲ.

ನಾವು ನಾಲ್ವರೂ ದಕ್ಷಿಣದ ಬೆಟ್ಟದ ಮೇಲಿನ ಬಿಳಿ ಆಕಾಶಕ್ಕೆ ಕಣ್ಣು ನೆಟ್ಟು ನಿಂತೆವು. ನನ್ನ ಕತ್ತು ನೋಯುತ್ತಿತ್ತು, ಒಲೆಯ ಮೇಲೇನಾದರೂ ಬಿಟ್ಟು ಬಂದೆನೇ ಎಂಬ ಯೋಚನೆ ಬೇರೆ. ಆ ಮುದುಕರಿಬ್ಬರೂ ನಲವತ್ತು ವರ್ಷ ಆಕಾಶ ನೋಡಿದವರು. ಆದರೆ ಆ ದಿನ ಬೆಟ್ಟದ ಅಂಚಿನಲ್ಲಿ ಚುಕ್ಕೆಯನ್ನು ಮೊದಲು ಕಂಡವಳು ಇಫಿ. ತೋರಿಸಲು ಕೈ ಎತ್ತಿದಳು, ಇಂಗ್ಲಿಷು ಮರೆತು ತನ್ನ ತಾಯಿಯ ಭಾಷೆಯಲ್ಲಿ ಏನೋ ಕೂಗಿದಳು. ಅದೇನೆಂದು ನಮಗ್ಯಾರಿಗೂ ಅರ್ಥವಾಗಲಿಲ್ಲ. ಮ್ಯಾಟಿ, "ಶ್! ಕೂಗಬೇಡ, ಇಳಿಯಲ್ಲ ಅವಳು!" ಎಂದು ಗದರಿ, ತಾನೇ ಡಬ್ಬಿ ಎತ್ತಿಕೊಂಡ.